ಕಡತ ತರಿಸಿಕೊಂಡ ಸಮಿತಿ: ಬ್ರಿಟನ್ನಿನ ಗೃಹ ಇಲಾಖೆಯ ದಾಖಲೆಗಳ ಸಂಸದೀಯ ಪರಿಶೀಲನೆ, ಒಂದು ಪ್ರಕರಣ ಅಧ್ಯಯನ

2018ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿಯ ಮುಂದೆ ಇಬ್ಬರು ಹಿರಿಯರು ಸಾಕ್ಷ್ಯ ಹೇಳಿದರು. ಒಬ್ಬರು ಮಹಿಳೆ, ಇನ್ನೊಬ್ಬರು ಪುರುಷ. ಇಬ್ಬರೂ 1960ರ ದಶಕದಲ್ಲಿ ಮಕ್ಕಳಾಗಿದ್ದಾಗಲೇ ಜಮೈಕಾದಿಂದ ಬ್ರಿಟನ್ನಿಗೆ ಬಂದು, ಅಲ್ಲಿಯೇ ಓದಿ, ದುಡಿದು, ತೆರಿಗೆ ಕಟ್ಟಿ ಅರ್ಧ ಶತಮಾನ ಕಳೆದವರು. ವಲಸೆಯ ಹೊಣೆ ಹೊತ್ತ ಗೃಹ ಇಲಾಖೆ ಇವರನ್ನು ಅಕ್ರಮ ನಿವಾಸಿಗಳೆಂದು ಪರಿಗಣಿಸಿ ಬಂಧನ ಕೇಂದ್ರದಲ್ಲಿಟ್ಟಿತ್ತು. ಬಾಲ್ಯದಲ್ಲಿ ಬಿಟ್ಟುಬಂದ ದೇಶಕ್ಕೆ ಅವರನ್ನು ಕಳಿಸುವ ಸಿದ್ಧತೆಯೂ ನಡೆದಿತ್ತು. ಕೊನೆಯ ಗಳಿಗೆಯಲ್ಲಿ ಹೊರಗಿನವರು ಮಧ್ಯೆ ಬಂದದ್ದರಿಂದ ಅದು ತಪ್ಪಿತು. ಸಮಿತಿ ಅವರ ಮಾತು ಕೇಳಿ ಸಹಾನುಭೂತಿ ಹೇಳಿ ಕಳಿಸಲಿಲ್ಲ. ಅವರ ಒಪ್ಪಿಗೆ ಪಡೆದು, ಇಲಾಖೆಯಲ್ಲಿದ್ದ ಅವರ ಕಡತಗಳನ್ನು ತರಿಸಿಕೊಂಡು ಓದಿತು. ಅವರು ಮಕ್ಕಳಾಗಿದ್ದಾಗಿನಿಂದ ಬ್ರಿಟನ್ನಿನಲ್ಲೇ ಇದ್ದರೆಂದು ತೋರಿಸುವ ಕಾಗದಗಳು ಆ ಕಡತಗಳ ಒಳಗೇ ಇದ್ದವು.

ವಿಂಡ್‌ರಷ್ ಪ್ರಕರಣವೆಂದು ಹೆಸರಾದ ಈ ಘಟನಾವಳಿಯನ್ನು ಸಾಮಾನ್ಯವಾಗಿ ಜನಾಂಗ ತಾರತಮ್ಯದ ಕಥೆಯಾಗಿ, ಇಲ್ಲವೇ ಒಬ್ಬ ಸಚಿವೆಯ ರಾಜೀನಾಮೆಯ ಕಥೆಯಾಗಿ ಹೇಳಲಾಗುತ್ತದೆ. ಎರಡೂ ನಿಜವೇ. ಆದರೆ ನಾನಿಲ್ಲಿ ಅದನ್ನು ದಾಖಲೆಗಳ ಕಡೆಯಿಂದ ನೋಡುತ್ತಿದ್ದೇನೆ: ಇಲಾಖೆಯೊಂದು ಏನನ್ನು ಬರೆದಿಟ್ಟಿತು, ಏನನ್ನು ಬರೆದಿಡಲಿಲ್ಲ, ಏನನ್ನು ನಾಶಮಾಡಿತು, ಸಂಸತ್ತು ಕೇಳಿದಾಗ ಏನನ್ನು ಹೇಳಿತು. ನೊಂದವರ ಹೆಸರುಗಳು ಪತ್ರಿಕೆಗಳಲ್ಲಿ ಬಂದಿವೆಯಾದರೂ ಅವನ್ನು ಇಲ್ಲಿ ಬಳಸಿಲ್ಲ, ಗುರುತು ಸಿಗುವಂಥ ವಿವರಗಳನ್ನೂ ಬಿಟ್ಟಿದ್ದೇನೆ. ಸಾರ್ವಜನಿಕ ಹುದ್ದೆಯಲ್ಲಿದ್ದು ಉತ್ತರ ಕೊಡಬೇಕಾಗಿದ್ದವರ ಮತ್ತು ಉತ್ತರ ಕೇಳಿದವರ ಹೆಸರುಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಹಕ್ಕು ಬಂತು, ಕಾಗದ ಬರಲಿಲ್ಲ

1948ರ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಎಂಬ ಹಡಗಿನಿಂದ ಕೆರಿಬಿಯನ್ ದ್ವೀಪಗಳ ನೂರಾರು ಜನ ಲಂಡನ್ ಬಳಿಯ ಟಿಲ್‌ಬರಿ ಬಂದರಿನಲ್ಲಿ ಇಳಿದರು. ಅದೇ ವರ್ಷ ಅಂಗೀಕಾರವಾದ ಬ್ರಿಟಿಷ್ ರಾಷ್ಟ್ರೀಯತೆಯ ಕಾಯ್ದೆ, ವಸಾಹತುಗಳಲ್ಲಿ ಹುಟ್ಟಿದವರನ್ನೂ ಬ್ರಿಟನ್ನಿನಲ್ಲಿ ಹುಟ್ಟಿದವರನ್ನೂ ಒಂದೇ ಪೌರತ್ವದ ಅಡಿಯಲ್ಲಿ ತಂದಿತು. ಹೀಗಾಗಿ ಮುಂದಿನ ವರ್ಷಗಳಲ್ಲಿ ಬಂದವರು ಕಾನೂನಿನ ಕಣ್ಣಿನಲ್ಲಿ ವಲಸಿಗರಾಗಿರಲಿಲ್ಲ. ತಮ್ಮದೇ ಸಾಮ್ರಾಜ್ಯದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಬಂದ ಪ್ರಜೆಗಳಾಗಿದ್ದರು. ಮಕ್ಕಳು ಎಷ್ಟೋ ವೇಳೆ ತಂದೆತಾಯಿಯ ಅಥವಾ ಅಕ್ಕ ಅಣ್ಣಂದಿರ ಪಾಸ್‌ಪೋರ್ಟಿನ ಮೇಲೆಯೇ ಬಂದಿದ್ದರಿಂದ ಅವರ ಹೆಸರಿನಲ್ಲಿ ಬೇರೆ ಕಾಗದವೇ ಇರಲಿಲ್ಲ.

1962ರಿಂದ ಬಾಗಿಲು ಹಂತ ಹಂತವಾಗಿ ಮುಚ್ಚಿತು. 1971ರ ವಲಸೆ ಕಾಯ್ದೆ 1973ರ ಜನವರಿ 1ರಂದು ಜಾರಿಗೆ ಬಂದಾಗ, ಆ ದಿನಕ್ಕೆ ಬ್ರಿಟನ್ನಿನಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಜನರಿಗೆ ಅಲ್ಲಿಯೇ ಉಳಿಯುವ ಹಕ್ಕು ಕಾನೂನಿನ ಬಲದಿಂದಲೇ ಸಿಕ್ಕಿತು. ಯಾರೂ ಅರ್ಜಿ ಹಾಕಬೇಕಿರಲಿಲ್ಲ, ಯಾರಿಗೂ ಪ್ರಮಾಣಪತ್ರ ಕೊಡಬೇಕಿರಲಿಲ್ಲ. ಪ್ರಕರಣದ ಬೇರು ಇರುವುದೇ ಇಲ್ಲಿ. ಆ ಹಕ್ಕು ಯಾರ್‍ಯಾರಿಗೆ ಸಿಕ್ಕಿತೆಂಬ ಪಟ್ಟಿಯನ್ನು ಇಲಾಖೆ ಇಡಲಿಲ್ಲ, ಹಕ್ಕು ಪಡೆದವರ ಕೈಗೂ ಏನನ್ನೂ ಕೊಡಲಿಲ್ಲ. ಮುಂದೆ 1981ರ ರಾಷ್ಟ್ರೀಯತೆಯ ಕಾಯ್ದೆ ಬಂದಾಗ, ಪೌರರೆಂದು ನೋಂದಾಯಿಸಿಕೊಳ್ಳಲು 1987ರ ಕೊನೆಯವರೆಗೆ ಅವಕಾಶವಿತ್ತು. ತಾವು ಹೇಗೂ ಬ್ರಿಟಿಷರೇ ಎಂದುಕೊಂಡಿದ್ದ ಸಾವಿರಾರು ಜನ ಅರ್ಜಿ ಹಾಕಲಿಲ್ಲ. ಹಾಕದಿದ್ದರೂ ಅವರ ವಾಸದ ಹಕ್ಕಿಗೆ ಕುಂದಿರಲಿಲ್ಲ. ಅದನ್ನು ತೋರಿಸುವ ಕಾಗದ ಮಾತ್ರ ಇರಲಿಲ್ಲ. ಶಾಲೆ, ಆಸ್ಪತ್ರೆ, ಉದ್ಯೋಗ, ಪಿಂಚಣಿ ಯಾವುದಕ್ಕೂ ನಾಲ್ಕು ದಶಕ ಯಾರೂ ಅದನ್ನು ಕೇಳಲೂ ಇಲ್ಲ.

2012ರಲ್ಲಿ ಆಗಿನ ಗೃಹ ಸಚಿವೆ ತೆರೇಸಾ ಮೇ ಅಕ್ರಮ ವಲಸಿಗರಿಗೆ ದೇಶದಲ್ಲಿ ‘ಪ್ರತಿಕೂಲ ವಾತಾವರಣ’ ನಿರ್ಮಿಸುವುದಾಗಿ ಘೋಷಿಸಿದರು. 2014 ಮತ್ತು 2016ರ ವಲಸೆ ಕಾಯ್ದೆಗಳು ಅದಕ್ಕೆ ಕಾನೂನಿನ ರೂಪ ಕೊಟ್ಟವು. ಮನೆ ಬಾಡಿಗೆಗೆ ಕೊಡುವವರು, ಬ್ಯಾಂಕುಗಳು, ಚಾಲನಾ ಪರವಾನಗಿ ಕೊಡುವವರು, ಕೆಲಸ ಕೊಡುವವರು ಎಲ್ಲರೂ ಎದುರಿಗಿರುವ ವ್ಯಕ್ತಿಯ ವಲಸೆ ಸ್ಥಿತಿಯನ್ನು ಪರೀಕ್ಷಿಸಬೇಕಾಯಿತು. ಹಕ್ಕಿಲ್ಲದ ಒಬ್ಬರನ್ನು ಕೆಲಸಕ್ಕಿಟ್ಟುಕೊಂಡರೂ ಆಗ 20,000 ಪೌಂಡುಗಳವರೆಗೆ ದಂಡ ಬೀಳುತ್ತಿದ್ದಾಗ, ಅನುಮಾನವಿರುವ ಉದ್ಯೋಗಿಯನ್ನು ಉಳಿಸಿಕೊಳ್ಳುವ ಮಾಲೀಕ ಎಲ್ಲಿ ಸಿಗುತ್ತಿದ್ದ? ಕಾಗದವಿಲ್ಲದ ಹಕ್ಕು ಆ ದಿನದಿಂದ ಹಕ್ಕೇ ಅಲ್ಲವೆಂಬಂತಾಯಿತು. ಮೂವತ್ತು ವರ್ಷ ದುಡಿದವರು ಕೆಲಸ ಕಳೆದುಕೊಂಡರು, ಭತ್ಯೆ ನಿಂತಿತು, ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆಗೂ ಹಣ ಕಟ್ಟಿರೆಂದು ಹೇಳಲಾಯಿತು.

ಕ್ರಾಯ್ಡನ್‌ನ ಆಗಮನ ಚೀಟಿಗಳು

ಈ ಜನರು ಯಾವಾಗ ಬಂದರೆಂದು ತೋರಿಸಬಹುದಾಗಿದ್ದ ಒಂದು ದಾಖಲೆ ಇಲಾಖೆಯಲ್ಲಿ ಇತ್ತು. ಬಂದರಿನಲ್ಲಿ ಇಳಿದಾಗ ಬರೆಸಿಕೊಂಡ ಹಳೆಯ ಲ್ಯಾಂಡಿಂಗ್ ಕಾರ್ಡುಗಳು, ಅಂದರೆ ಆಗಮನ ಚೀಟಿಗಳು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನ ಕಚೇರಿಯ ನೆಲಮಾಳಿಗೆಯಲ್ಲಿದ್ದವು. 2010ರಲ್ಲಿ, ಕಚೇರಿಯ ಸ್ಥಳ ಬದಲಾವಣೆಯ ಸಂದರ್ಭದಲ್ಲಿ, ಅವನ್ನು ನಾಶಮಾಡಲಾಯಿತು. ಈ ಸಂಗತಿ 2018ರ ಏಪ್ರಿಲ್ 17ರಂದು ದಿ ಗಾರ್ಡಿಯನ್ ಪತ್ರಿಕೆಯ ಮೂಲಕ ಹೊರಬಂತು. ಹಿಂದೆ ಅಲ್ಲಿ ಕೆಲಸ ಮಾಡಿದ್ದವರ ಹೇಳಿಕೆಯಂತೆ, ಯಾರಾದರೂ ತಾವು ಬಂದ ವರ್ಷವನ್ನು ಖಚಿತಪಡಿಸಿಕೊಳ್ಳಲು ಕೇಳಿದಾಗ ಸಿಬ್ಬಂದಿ ನೆಲಮಾಳಿಗೆಗೆ ಹೋಗಿ ಆ ಚೀಟಿಗಳನ್ನು ಹುಡುಕುತ್ತಿದ್ದರು. ನಾಶವಾದ ಮೇಲೆ ದಾಖಲೆ ಇಲ್ಲವೆಂಬ ಉತ್ತರ ಹೋಗತೊಡಗಿತು. ಇಲಾಖೆಯ ಸಮರ್ಥನೆ ಬೇರೆ ಇತ್ತು: ವೈಯಕ್ತಿಕ ಮಾಹಿತಿಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದೆಂಬ ಕಾನೂನಿಗೆ ಅನುಸಾರವಾಗಿ ನಾಶಮಾಡಲಾಯಿತು, ಮೇಲಾಗಿ ಆ ಚೀಟಿ ಬಂದ ದಿನವನ್ನು ತೋರಿಸೀತೇ ಹೊರತು ಆಮೇಲಿನ ವಾಸವನ್ನು ತೋರಿಸದು.

ಮರುದಿನವೇ ಪ್ರಧಾನಿಯ ಪ್ರಶ್ನೋತ್ತರ ವೇಳೆಯಲ್ಲಿ ವಿಷಯ ಸದನದೊಳಗೆ ಬಂತು. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಈ ನಾಶಕ್ಕೆ ಅಪ್ಪಣೆ ಕೊಟ್ಟವರು ನೀವೇ ಏನು ಎಂದು ಕೇಳಿದರು. ಆ ವೇಳೆಗೆ ಪ್ರಧಾನಿಯಾಗಿದ್ದ ತೆರೇಸಾ ಮೇ, ತೀರ್ಮಾನ 2009ರಲ್ಲಿ ಲೇಬರ್ ಸರ್ಕಾರದ ಅವಧಿಯಲ್ಲಿ ಆದದ್ದೆಂದು ಉತ್ತರಿಸಿದರು. ಬಳಿಕ, ಅದು ಸಚಿವರ ಮಟ್ಟಕ್ಕೆ ಬಾರದೆ ಅಧಿಕಾರಿಗಳ ಹಂತದಲ್ಲೇ ಆದ ತೀರ್ಮಾನವೆಂಬ ವಿವರಣೆ ಬಂತು. ಯಾವ ಪಕ್ಷದ ಕಾಲದಲ್ಲಿ ಚೀಟಿಗಳು ಹೋದವೆಂಬ ಜಗಳದಲ್ಲಿ, ಕೇಳಲೇಬೇಕಾಗಿದ್ದ ಪ್ರಶ್ನೆಗಳು ಹಿಂದೆ ಬಿದ್ದವೆಂದು ನನ್ನ ಅನಿಸಿಕೆ. ಆ ಚೀಟಿಗಳನ್ನು ದಿನನಿತ್ಯ ಬಳಸುತ್ತಿದ್ದ ಸಿಬ್ಬಂದಿಯನ್ನು ನಾಶಕ್ಕೆ ಮೊದಲು ಕೇಳಲಾಯಿತೇ? ಅವು ಹೋದ ಮೇಲೆ ಆಗಮನವನ್ನು ಖಚಿತಪಡಿಸಲು ಬೇರೆ ಯಾವ ವ್ಯವಸ್ಥೆ ಮಾಡಲಾಯಿತು? ತನ್ನ ಬಳಿಯ ಆಧಾರ ಇಲ್ಲವಾಯಿತೆಂದು ತಿಳಿದ ಇಲಾಖೆ, ಅರ್ಜಿದಾರರಿಂದ ಕೇಳುವ ಆಧಾರವನ್ನು ಏಕೆ ಕಡಿಮೆ ಮಾಡಲಿಲ್ಲ?

ಕಡಿಮೆ ಮಾಡುವುದಿರಲಿ, ಪ್ರತಿ ವರ್ಷದ ವಾಸಕ್ಕೂ ನಾಲ್ಕು ನಾಲ್ಕು ದಾಖಲೆ ತರಬೇಕೆಂದು ಹೇಳಿಸಿಕೊಂಡವರು ಹಲವರಿದ್ದರು. ನಲವತ್ತೈದು ವರ್ಷಕ್ಕೆ ಅದು ನೂರ ಎಂಬತ್ತು ಕಾಗದ. ಮುಚ್ಚಿಹೋದ ಶಾಲೆಯ ಹಾಜರಿ ಪುಸ್ತಕ, ತೀರಿಕೊಂಡ ವೈದ್ಯರ ಬಳಿಯಿದ್ದ ಚೀಟಿ, ಬಾಗಿಲು ಹಾಕಿದ ಕಾರ್ಖಾನೆಯ ಸಂಬಳದ ರಸೀದಿ ಇವನ್ನೆಲ್ಲ ಅರವತ್ತು ದಾಟಿದವರು ಹುಡುಕಿಕೊಂಡು ಅಲೆಯಬೇಕಾಯಿತು. ಅವರ ದುಡಿಮೆಯ ವರ್ಷಗಳ ಲೆಕ್ಕ ಅದೇ ಸರ್ಕಾರದ ರಾಷ್ಟ್ರೀಯ ವಿಮೆಯ ಖಾತೆಯಲ್ಲಿತ್ತು. ಗೃಹ ಇಲಾಖೆ ಪಕ್ಕದ ಇಲಾಖೆಯನ್ನು ಕೇಳಿದ್ದರೆ ಬಹುಪಾಲು ಅರ್ಜಿಗಳು ಅಲ್ಲಿಗೇ ಮುಗಿಯುತ್ತಿದ್ದವು. ಸಾಬೀತುಪಡಿಸುವ ಹೊಣೆಯೆಲ್ಲ ಪ್ರಜೆಯದು ಎಂದುಕೊಂಡದ್ದರಿಂದ ಕೇಳಬೇಕೆಂದು ಅದಕ್ಕೆ ಅನ್ನಿಸಲಿಲ್ಲ.

ಎಚ್ಚರಿಕೆಗಳು ಎಲ್ಲಿ ಹೋದವು

ಇದು ಯಾರಿಗೂ ಗೊತ್ತಾಗದೆ ನಡೆದ ಅನಾಹುತವಲ್ಲ. 2014ರಲ್ಲೇ ಕಾನೂನು ನೆರವಿನ ಕ್ಷೇತ್ರದ ಸಂಸ್ಥೆಯೊಂದು, ದಶಕಗಳಿಂದ ಕಾನೂನುಬದ್ಧವಾಗಿ ನೆಲೆಸಿದವರು ಕಾಗದವಿಲ್ಲದೆ ಕೆಲಸ ಮತ್ತು ಭತ್ಯೆ ಕಳೆದುಕೊಳ್ಳುತ್ತಿದ್ದಾರೆಂದು ವರದಿ ಪ್ರಕಟಿಸಿತ್ತು. 2016ರಲ್ಲಿ ಕೆರಿಬಿಯನ್ ದೇಶಗಳ ಸಚಿವರು ಬ್ರಿಟನ್ನಿನ ವಿದೇಶಾಂಗ ಸಚಿವರ ಮುಂದೆ ವಿಷಯ ಎತ್ತಿದ್ದರು. ಸಂಸದರು ತಮ್ಮ ಕ್ಷೇತ್ರದ ಒಬ್ಬೊಬ್ಬರ ಪರವಾಗಿ ಪತ್ರ ಬರೆಯುತ್ತಿದ್ದರು. ಪ್ರತಿ ಪತ್ರವೂ ಒಂದು ಬಿಡಿ ಪ್ರಕರಣವಾಗಿ ಬಂದು ಒಂದು ಬಿಡಿ ಉತ್ತರವಾಗಿ ಹೋಯಿತು. ಒಂದೇ ಬಗೆಯ ದೂರು ಬೇರೆ ಬೇರೆ ಊರುಗಳಿಂದ ಬರುತ್ತಿದೆಯೆಂದು ಗುರುತಿಸಿ ಕೂಡಿಸಿ ನೋಡುವ ವ್ಯವಸ್ಥೆ ಇಲಾಖೆಯಲ್ಲಿರಲಿಲ್ಲ. ಸಂಸತ್ತಿನಲ್ಲೂ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. 2017ರ ನವೆಂಬರ್‌ನಿಂದ ಗಾರ್ಡಿಯನ್‌ನ ವರದಿಗಾರ್ತಿ ಅಮೇಲಿಯಾ ಜಂಟಲ್‌ಮನ್ ಒಂದಾದ ಮೇಲೊಂದು ಕಥೆ ಬರೆದಾಗ ಈ ಕೂಡಿಸುವ ಕೆಲಸವನ್ನು ಪತ್ರಿಕೆ ಮಾಡಿತು.

2018ರ ಏಪ್ರಿಲ್ ಮಧ್ಯದಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ಮುಖ್ಯಸ್ಥರು ಸಮ್ಮೇಳನಕ್ಕಾಗಿ ಲಂಡನ್ನಿಗೆ ಬಂದಿದ್ದರು. ಈ ವಿಷಯದ ಬಗ್ಗೆ ಮಾತನಾಡಬೇಕೆಂಬ ಕೆರಿಬಿಯನ್ ರಾಜತಾಂತ್ರಿಕರ ಕೋರಿಕೆಯನ್ನು ಪ್ರಧಾನಿ ಕಚೇರಿ ಮೊದಲು ತಳ್ಳಿಹಾಕಿ, ಗದ್ದಲವಾದ ಮೇಲೆ ಒಪ್ಪಿತು. ಏಪ್ರಿಲ್ 16ರಂದು ಸದನದಲ್ಲಿ ಗೃಹ ಸಚಿವೆ ಆಂಬರ್ ರಡ್ ಕ್ಷಮೆ ಕೇಳಿದರು; ತಮ್ಮ ಇಲಾಖೆ ನೀತಿ ಮತ್ತು ಕಾರ್ಯತಂತ್ರದಲ್ಲಿ ಮುಳುಗಿ ಎದುರಿನ ಮನುಷ್ಯನನ್ನು ಮರೆಯುತ್ತಿದೆಯೆಂಬ ಆತಂಕವಿದೆಯೆಂದರು. ಅದೇ ದಿನ ವಲಸೆ ಖಾತೆಯ ಸಚಿವೆ ಕ್ಯಾರೊಲಿನ್ ನೋಕ್ಸ್ ಕೆಲವರನ್ನು ತಪ್ಪಾಗಿ ದೇಶದಿಂದ ಹೊರಕಳಿಸಿರಬಹುದೆಂದು ಟಿವಿಯಲ್ಲಿ ಹೇಳಿದರೆ, ರಡ್ ಅಂಥ ಪ್ರಕರಣ ತಮ್ಮ ಗಮನಕ್ಕೆ ಬಂದಿಲ್ಲವೆಂದರು. ಒಂದೇ ಇಲಾಖೆಯ ಇಬ್ಬರು ಸಚಿವರು ಒಂದೇ ದಿನ ಎರಡು ಮಾತಾಡಿದ್ದು, ಇಲಾಖೆಗೆ ತನ್ನ ಕೈಯಿಂದ ಏನಾಗಿದೆಯೆಂಬುದೇ ತಿಳಿದಿಲ್ಲವೆಂಬುದಕ್ಕೆ ಮೊದಲ ಬಹಿರಂಗ ಸಾಕ್ಷಿಯಾಯಿತು.

ಐದು ದಿನ

ಬ್ರಿಟಿಷ್ ಕೆಳಮನೆಯ ಇಲಾಖಾವಾರು ಸಮಿತಿಗಳಿಗೆ ವ್ಯಕ್ತಿಗಳನ್ನು, ಕಾಗದಗಳನ್ನು, ದಾಖಲೆಗಳನ್ನು ತರಿಸಿಕೊಳ್ಳುವ ಅಧಿಕಾರವಿದೆ. ಏಪ್ರಿಲ್ 25ರಂದು ಯವೆಟ್ ಕೂಪರ್ ಅಧ್ಯಕ್ಷತೆಯ ಗೃಹ ವ್ಯವಹಾರಗಳ ಸಮಿತಿ ಸಚಿವೆಯನ್ನು ಕರೆಸಿತು. ಅಂದು ಅವರಿಗಿಂತ ಮೊದಲು ಸಾಕ್ಷ್ಯ ಹೇಳಿದವರು ವಲಸೆ ಸಿಬ್ಬಂದಿ ಸಂಘದ ಪ್ರತಿನಿಧಿ. ಇಷ್ಟು ಜನರನ್ನು ದೇಶದಿಂದ ಹೊರಗೆ ಕಳಿಸಬೇಕೆಂಬ ಗುರಿ ಸಿಬ್ಬಂದಿಗೆ ಇದೆಯೆಂದು ಅವರು ಹೇಳಿದ್ದರು. ಸಮಿತಿ ಅದನ್ನೇ ಹಿಡಿದು ಸಚಿವೆಯನ್ನು ಕೇಳಿತು. ಅಂಥ ಗುರಿಗಳಿಲ್ಲ, ಇಲಾಖೆ ಕೆಲಸ ಮಾಡುವ ರೀತಿ ಅದಲ್ಲ ಎಂದು ಅವರು ಉತ್ತರಿಸಿದರು.

ಸಾಕ್ಷಿಗಳನ್ನು ಕರೆಸಿದ ಈ ಕ್ರಮವೇ ಪ್ರಕರಣದ ಮೊದಲ ತಿರುವು. ಕೆಳಹಂತದವರನ್ನು ಮೊದಲು ಕೇಳಿ, ಆಮೇಲೆ ಮೇಲಿನವರನ್ನು ಕೇಳಿದ್ದರಿಂದ ಎರಡು ಮಾತಿನ ನಡುವಿನ ಬಿರುಕು ಅಲ್ಲಿಯೇ ಕಂಡಿತು. ಸಚಿವೆ ಮೊದಲು ಬಂದಿದ್ದರೆ ಆ ಉತ್ತರ ಪ್ರಶ್ನೆಯಿಲ್ಲದೆ ಕಡತ ಸೇರುತ್ತಿತ್ತು.

ಮರುದಿನ ತುರ್ತು ಪ್ರಶ್ನೆಗೆ ಉತ್ತರಿಸುತ್ತ ರಡ್, ಇಲಾಖೆಯ ಒಳಗೆ ಸ್ಥಳೀಯ ಗುರಿಗಳಿದ್ದವೆಂದು ಒಪ್ಪಿದರು. 27ರಂದು ಗಾರ್ಡಿಯನ್ ಹೊರತಂದ 2017ರ ಜೂನ್‌ನ ಒಂದು ಟಿಪ್ಪಣಿಯಲ್ಲಿ, 2017-18ರ ಸಾಲಿಗೆ 12,800 ಜನರನ್ನು ಬಲವಂತವಾಗಿ ಹೊರಕಳಿಸುವ ಗುರಿಯ ಉಲ್ಲೇಖವಿತ್ತು. ಅದರ ಪ್ರತಿ ಸಚಿವೆಯ ಕಚೇರಿಗೂ ಹೋಗಿತ್ತು. ತಾವು ಅದನ್ನು ನೋಡಿರಲಿಲ್ಲವೆಂದು ರಡ್ ಹೇಳಿದರು. 29ರಂದು ಇನ್ನೊಂದು ಕಾಗದ ಬಂತು: ಅವರೇ 2017ರ ಜನವರಿಯಲ್ಲಿ ಪ್ರಧಾನಿಗೆ ಬರೆದ, ಬಲವಂತದ ವಾಪಸಾತಿಯನ್ನು ಶೇ 10ರಷ್ಟು ಹೆಚ್ಚಿಸುವ ಉದ್ದೇಶ ತಿಳಿಸಿದ ಪತ್ರ. ಅಂದು ರಾತ್ರಿ ಅವರು ರಾಜೀನಾಮೆ ಕೊಟ್ಟರು. ಅರಿವಿಲ್ಲದೆ ಸಮಿತಿಯನ್ನು ತಪ್ಪುದಾರಿಗೆ ಎಳೆದುದಾಗಿ ಒಪ್ಪಿಕೊಂಡರು.

ಈ ಐದು ದಿನಗಳನ್ನು ಸಂಸತ್ತಿನ ವಿಜಯವೆಂದು ಕೊಂಡಾಡುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಸಮಿತಿ ಸರಿಯಾದ ಪ್ರಶ್ನೆ ಕೇಳಿತು, ನಿಜ. ಆದರೆ ಉತ್ತರ ತಪ್ಪೆಂದು ತೋರಿಸಿದ ಎರಡೂ ಕಾಗದಗಳು ಸೋರಿಕೆಯಾಗಿ ಪತ್ರಿಕೆಗೆ ಸಿಕ್ಕವು, ಸಮಿತಿ ತರಿಸಿಕೊಂಡವಲ್ಲ. ಇನ್ನೂ ಒಂದು ಮಾತಿದೆ. ಹೊರಕಳಿಸುವ ಗುರಿಗಳ ಬಗ್ಗೆ ಗಡಿ ಮತ್ತು ವಲಸೆಯ ಸ್ವತಂತ್ರ ತಪಾಸಣಾಧಿಕಾರಿಯ 2015ರ ಡಿಸೆಂಬರ್‌ನ ವರದಿಯಲ್ಲೇ ಪ್ರಸ್ತಾಪವಿತ್ತು. ಅದು ಎಲ್ಲರಿಗೂ ಸಿಗುವ, ಪ್ರಕಟವಾದ ವರದಿ. ಸಚಿವೆಗೆ ಅದನ್ನು ಯಾರೂ ನೆನಪಿಸಲಿಲ್ಲ. ಆ ಬಳಿಕ ಸಚಿವರ ನಡತೆಯ ವಿಷಯದಲ್ಲಿ ಪ್ರಧಾನಿಯ ಸಲಹೆಗಾರರಾಗಿದ್ದ ಸರ್ ಅಲೆಕ್ಸ್ ಅಲನ್ ನಡೆಸಿದ ವಿಚಾರಣೆ, ಅಧಿಕಾರಿಗಳಿಂದ ಸಚಿವೆಗೆ ಸಿಗಬೇಕಿದ್ದ ನೆರವು ಸಿಗಲಿಲ್ಲವೆಂಬ ನಿರ್ಣಯಕ್ಕೆ ಬಂತು. ಅಂದರೆ ಆಳುವವರಿಗೇ ತಮ್ಮ ಇಲಾಖೆಯ ದಾಖಲೆ ಸಕಾಲದಲ್ಲಿ ಸಿಗುತ್ತಿರಲಿಲ್ಲ. ಹಾಗಿರುವಾಗ ಜಮೈಕಾದಿಂದ ಬಂದ ಮುದುಕಿಗೆ ತನ್ನ ಕಡತ ಹೇಗೆ ಸಿಕ್ಕೀತು!

ಕಾಗದಕ್ಕಾಗಿ ನಡೆದ ಹೋರಾಟ

ಮೇ 2ರಂದು ವಿರೋಧ ಪಕ್ಷ, ಈ ನೀತಿಗೆ ಸಂಬಂಧಿಸಿದ ಸರ್ಕಾರದೊಳಗಿನ ಪತ್ರವ್ಯವಹಾರವನ್ನು ಗೃಹ ವ್ಯವಹಾರಗಳ ಸಮಿತಿಗೆ ಒಪ್ಪಿಸಬೇಕೆಂದು ಸದನದಲ್ಲಿ ನಿಲುವಳಿ ಮಂಡಿಸಿತು. ಹೊಸ ಗೃಹ ಸಚಿವ ಸಾಜಿದ್ ಜಾವಿದ್ ಅಧಿಕಾರ ವಹಿಸಿಕೊಂಡು ಆಗಿನ್ನೂ ಎರಡೇ ದಿನ. ಸರ್ಕಾರ ನಿಲುವಳಿಯನ್ನು ವಿರೋಧಿಸಿತು, ಬದಲಿಗೆ ಕಲಿಯಬೇಕಾದ ಪಾಠಗಳ ಕುರಿತು ಹೊರಗಿನವರ ಮೇಲ್ವಿಚಾರಣೆಯ ಪರಾಮರ್ಶೆಯೊಂದನ್ನು ಘೋಷಿಸಿತು. ನಿಲುವಳಿ ಬಿದ್ದುಹೋಯಿತು. ಕಾಗದ ಈಗಲೇ ಕೊಡಿ ಎಂದವರಿಗೆ ವರದಿ ಆಮೇಲೆ ಕೊಡುತ್ತೇವೆಂಬ ಉತ್ತರ ಬಂತು, ಆ ಆಮೇಲೆ ಬಂದದ್ದು 2020ರ ಮಾರ್ಚ್‌ನಲ್ಲಿ. ಇದು ಎರಡನೆಯ ತಿರುವು, ಕೆಟ್ಟ ಕಡೆಗೆ.

ಮೂರನೆಯ ತಿರುವೇ ಆರಂಭದಲ್ಲಿ ಹೇಳಿದ ಎರಡು ಕಡತಗಳು. ಹ್ಯಾರಿಯೆಟ್ ಹಾರ್ಮನ್ ಅಧ್ಯಕ್ಷತೆಯ ಮಾನವ ಹಕ್ಕುಗಳ ಜಂಟಿ ಸಮಿತಿ ನೀತಿಯ ಪತ್ರವ್ಯವಹಾರವನ್ನೆಲ್ಲ ಕೇಳಲು ಹೋಗಲಿಲ್ಲ. ಇಬ್ಬರೇ ವ್ಯಕ್ತಿಗಳನ್ನು ಆರಿಸಿಕೊಂಡಿತು. ತಮ್ಮ ಕಡತವನ್ನು ಕೇಳುವ ಹಕ್ಕು ಆ ಇಬ್ಬರಿಗೂ ಇತ್ತು. ಸಂಪುಟದ ಗೋಪ್ಯತೆಯ ನೆಪ ಅಲ್ಲಿ ನಡೆಯುತ್ತಿರಲಿಲ್ಲ. ಕಡತ ತೆರೆದಾಗ ಸಮಿತಿಗೆ ಕಂಡದ್ದು ಮಾಹಿತಿಯ ಕೊರತೆಯಲ್ಲ. ಇಬ್ಬರೂ ಬಾಲ್ಯದಿಂದ ಅಲ್ಲಿಯೇ ಇದ್ದರೆಂಬ ಆಧಾರ ಇಲಾಖೆಯ ಮುಂದಿತ್ತು. ಅದನ್ನು ತೂಗಿನೋಡದೆ ಮತ್ತಷ್ಟು ಆಧಾರ ಕೇಳಲಾಗಿತ್ತು, ಕೊನೆಗೆ ಬಂಧನದ ಆದೇಶ ಹೊರಟಿತ್ತು. ಬಂಧಿಸಿದ ಅಧಿಕಾರಿಗಳು ಕಾಗದವಿಲ್ಲದ್ದರಿಂದ ತಪ್ಪಿದವರಲ್ಲ, ಕಾಗದವನ್ನು ಓದದೆ ತಪ್ಪಿದವರು.

ಇಲಾಖೆ ಇದನ್ನು ಕೆಲವು ತಪ್ಪುಗಳ ಸರಣಿ ಎಂದು ವಿವರಿಸಿತು. ಜೂನ್ 29ರ ವರದಿಯಲ್ಲಿ ಸಮಿತಿ ಆ ವಿವರಣೆಯನ್ನು ನಂಬಲರ್ಹವೆಂದು ಒಪ್ಪಲಿಲ್ಲ. ಎರಡು ಬೇರೆ ಬೇರೆ ಕಡತಗಳಲ್ಲಿ, ಹಲವು ಅಧಿಕಾರಿಗಳ ಕೈಯಲ್ಲಿ, ಹಲವು ಹಂತಗಳಲ್ಲಿ ಒಂದೇ ದಿಕ್ಕಿನ ತಪ್ಪು ಆಗಿದ್ದರೆ ಅದು ವ್ಯವಸ್ಥೆಯ ದೋಷವೆಂಬುದು ಅದರ ನಿಲುವು. ಇಬ್ಬರ ಕಡತದಿಂದ ಇಡೀ ಇಲಾಖೆಯನ್ನು ಅಳೆಯಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಎಷ್ಟು ಜನಕ್ಕೆ ಹೀಗಾಯಿತೆಂದು ಎರಡು ಕಡತ ಹೇಳಲಾರವು, ಹೇಗಾಯಿತೆಂದು ಹೇಳಬಲ್ಲವು, ಆ ‘ಹೇಗೆ’ ಎಂಬುದನ್ನು ಅದುವರೆಗೆ ಸದನದ ಯಾವ ಉತ್ತರವೂ ಹೇಳಿರಲಿಲ್ಲ.

ಎಷ್ಟು ಜನ ಎಂಬ ಪ್ರಶ್ನೆಗೆ ಉತ್ತರ ಪಡೆಯಲು ಗೃಹ ವ್ಯವಹಾರಗಳ ಸಮಿತಿ ತಿಂಗಳುಗಟ್ಟಲೆ ಹಿಂದೆ ಬೀಳಬೇಕಾಯಿತು. ಮೇ ತಿಂಗಳಲ್ಲಿ ಜಾವಿದ್, 63 ಜನರನ್ನು ತಪ್ಪಾಗಿ ಹೊರಕಳಿಸಿರಬಹುದೆಂದರು. ಇಲಾಖೆ ಕೆರಿಬಿಯನ್ ಮೂಲದ ಸುಮಾರು 11,800 ಪ್ರಕರಣಗಳನ್ನು ಪರಿಶೀಲಿಸಿದ ಮೇಲೆ, ಬಂಧನಕ್ಕೊಳಗಾದ ಅಥವಾ ಹೊರಕಳಿಸಲಾದ 164 ಜನರ ಲೆಕ್ಕ ಆಗಸ್ಟ್‌ನಲ್ಲಿ ಬಂತು. ಅವರಲ್ಲಿ 18 ಜನರಿಗೆ ಇಲಾಖೆಯ ತಪ್ಪಿನಿಂದಲೇ ಹಾನಿಯಾಗಿರುವ ಸಾಧ್ಯತೆ ಹೆಚ್ಚೆಂದು ಕ್ಷಮೆ ಕೇಳಲಾಯಿತು. ಹೊರಕಳಿಸಲಾದವರ ಸಂಖ್ಯೆ ನವೆಂಬರ್ ವೇಳೆಗೆ 83 ಆಯಿತು, ಅವರಲ್ಲಿ ಕನಿಷ್ಠ 11 ಜನ ಆಗಲೇ ತೀರಿಕೊಂಡಿದ್ದರು. ಅವರಿಗೆ ಕ್ಷಮಾಪಣೆಯ ಪತ್ರ ಕಳಿಸಲು ವಿಳಾಸವಿರಲಿಲ್ಲ.

ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2018ರ ಡಿಸೆಂಬರ್‌ನಲ್ಲಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ 2019ರ ಮಾರ್ಚ್‌ನಲ್ಲಿ ವರದಿ ಕೊಟ್ಟವು. ಎರಡೂ ಇಲಾಖೆಯ ದತ್ತಾಂಶದ ಗುಣಮಟ್ಟದ ಮೇಲೆ ಬೆರಳಿಟ್ಟವು. ಅದಕ್ಕೆ ಹಿಂದಿನದೊಂದು ಉದಾಹರಣೆ ಸಾಕು. 2012ರಲ್ಲಿ ಇಲಾಖೆ ಅನುಮತಿ ಮುಗಿದವರೆಂದು ಭಾವಿಸಿದ ಸುಮಾರು 1,74,000 ಹೆಸರುಗಳ ಪಟ್ಟಿಯನ್ನು ಕ್ಯಾಪಿಟಾ ಎಂಬ ಖಾಸಗಿ ಕಂಪನಿಗೆ ವಹಿಸಿತ್ತು. ಕಂಪನಿ ಫೋನಿಗೆ ಸಂದೇಶ ಕಳಿಸಿ ದೇಶ ಬಿಡಬೇಕೆಂದು ಹೇಳಿತು. ಸಂದೇಶ ಪಡೆದವರಲ್ಲಿ ಬ್ರಿಟಿಷ್ ಪೌರರೂ ಇದ್ದರು. ಪಟ್ಟಿ ತಪ್ಪಿದ್ದರೂ ಅದರ ಮೇಲೆ ಕ್ರಮ ಮಾತ್ರ ತಪ್ಪದೆ ನಡೆಯಿತು.

ವರದಿಗಳು ಬಂದ ಮೇಲೆ

ಪರಾಮರ್ಶೆಯ ಹೊಣೆ ಹೊತ್ತ ವೆಂಡಿ ವಿಲಿಯಮ್ಸ್ 2020ರ ಮಾರ್ಚ್ 19ರಂದು ವರದಿ ಕೊಟ್ಟರು. ಆದದ್ದನ್ನೆಲ್ಲ ಮೊದಲೇ ಊಹಿಸಬಹುದಿತ್ತು, ತಡೆಯಬಹುದಿತ್ತು ಎಂಬುದು ಅವರ ನಿರ್ಣಯ. 30 ಶಿಫಾರಸುಗಳಿದ್ದವು, ಸರ್ಕಾರ ಎಲ್ಲವನ್ನೂ ಒಪ್ಪಿತು. ಎರಡು ವರ್ಷ ಕಳೆದು ಅವರೇ ಹಿಂತಿರುಗಿ ನೋಡಿದಾಗ ಪೂರ್ತಿಯಾಗಿ ಜಾರಿಯಾದವು 8. 2023ರ ಜನವರಿಯಲ್ಲಿ ಆಗಿನ ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ ಮೂರು ಶಿಫಾರಸುಗಳನ್ನು ಕೈಬಿಟ್ಟರು. ಅವುಗಳಲ್ಲಿ ಎರಡು, ಹೊರಗಿನ ಕಣ್ಣನ್ನು ಕಾಯಂ ಮಾಡುವಂಥವು: ವಲಸಿಗರ ಪರವಾಗಿ ಒಬ್ಬ ಆಯುಕ್ತರ ನೇಮಕ, ಸ್ವತಂತ್ರ ತಪಾಸಣಾಧಿಕಾರಿಯ ಅಧಿಕಾರ ಹೆಚ್ಚಿಸುವ ವಿಚಾರ. ಈ ಎರಡನ್ನು ಕೈಬಿಟ್ಟದ್ದು ಕಾನೂನುಬಾಹಿರವೆಂದು 2024ರ ಜೂನ್‌ನಲ್ಲಿ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 2025ರಲ್ಲಿ ಹೊಸ ಸರ್ಕಾರ ವಿಂಡ್‌ರಷ್ ಆಯುಕ್ತರನ್ನು ನೇಮಿಸಿತು. ಸಂಸತ್ತು ಕೇಳಿ, ಪರಾಮರ್ಶೆ ಹೇಳಿ, ಸಚಿವರು ಒಪ್ಪಿದ ಮೇಲೂ ಒಂದು ಶಿಫಾರಸು ಉಳಿಯಲು ನ್ಯಾಯಾಲಯಕ್ಕೆ ಹೋಗಬೇಕಾಯಿತೆಂಬುದನ್ನು ಸಮಿತಿ ವ್ಯವಸ್ಥೆಯನ್ನು ಅಭ್ಯಾಸ ಮಾಡುವವರು ಗಮನಿಸಬೇಕು. ವರದಿ ಕೊಟ್ಟ ಮೇಲೆ ಹಿಂಬಾಲಿಸುವ ವೇಳಾಪಟ್ಟಿಯೂ ವರದಿಯಷ್ಟೇ ಮುಖ್ಯ.

ಪರಿಹಾರದ ವಿಷಯ ಇನ್ನೂ ನೋವಿನದು. 2019ರ ಏಪ್ರಿಲ್‌ನಲ್ಲಿ ಆರಂಭವಾದ ಪರಿಹಾರ ಯೋಜನೆಯನ್ನು ನಡೆಸುವ ಹೊಣೆಯನ್ನು ಹಾನಿ ಮಾಡಿದ ಗೃಹ ಇಲಾಖೆಗೇ ಕೊಡಲಾಯಿತು. ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಕೆಟ್ಟ ತೀರ್ಮಾನ ಇದೇ ಎಂದು ನನಗನ್ನಿಸುತ್ತದೆ, ಆಗಮನ ಚೀಟಿಗಳ ನಾಶಕ್ಕಿಂತಲೂ. ಚೀಟಿಗಳನ್ನು ನಾಶಮಾಡಿದವರಿಗೆ ಮುಂದಾಗುವುದು ತಿಳಿದಿರಲಿಲ್ಲವೆಂದಾದರೂ ಹೇಳಬಹುದು. 2019ರಲ್ಲಿ ಎಲ್ಲವೂ ತಿಳಿದಿತ್ತು. ಕಳೆದುಕೊಂಡ ಸಂಬಳ, ಕಳೆದುಕೊಂಡ ಮನೆ, ಅನುಭವಿಸಿದ ಅವಮಾನ ಪ್ರತಿಯೊಂದಕ್ಕೂ ಜನ ಮತ್ತೆ ದಾಖಲೆ ಹೊಂದಿಸಿಕೊಂಡು, ತಮ್ಮನ್ನು ನಂಬದಿದ್ದ ಕಚೇರಿಯ ಎದುರೇ ನಿಲ್ಲಬೇಕಾಯಿತು. ಎಷ್ಟೋ ಮಂದಿ ಭಯದಿಂದ ಅರ್ಜಿಯನ್ನೇ ಹಾಕಲಿಲ್ಲ. 2021ರ ನವೆಂಬರ್‌ನಲ್ಲಿ ಗೃಹ ವ್ಯವಹಾರಗಳ ಸಮಿತಿ ನೋಡಿದಾಗ, ಅರ್ಹರಿರಬಹುದೆಂದು ಮೊದಲು ಅಂದಾಜಿಸಿದ 15,000 ಜನರಲ್ಲಿ ಶೇ 5.8ರಷ್ಟು ಮಂದಿಗೆ ಮಾತ್ರ ಹಣ ಸಿಕ್ಕಿತ್ತು, 23 ಜನ ಹಣ ಕಾಣದೆ ತೀರಿಕೊಂಡಿದ್ದರು. ಯೋಜನೆಯನ್ನು ಸ್ವತಂತ್ರ ಸಂಸ್ಥೆಗೆ ವಹಿಸಬೇಕೆಂದು ಸಮಿತಿ ಕೇಳಿತು. ಸರ್ಕಾರ ಒಪ್ಪಲಿಲ್ಲ.

ದಾಖಲೆಯ ಬಗ್ಗೆ ಇಲಾಖೆಯ ಮನೋಭಾವ ಎಷ್ಟು ಬದಲಾಯಿತೆಂಬುದಕ್ಕೆ ಮತ್ತೊಂದು ಸಂಗತಿ ಹೇಳುತ್ತೇನೆ. ಈ ಪ್ರಕರಣದ ಚಾರಿತ್ರಿಕ ಬೇರುಗಳನ್ನು ತನ್ನ ಸಿಬ್ಬಂದಿಗೆ ತಿಳಿಸಲೆಂದು ಇಲಾಖೆಯೇ ಒಬ್ಬ ಇತಿಹಾಸಕಾರರಿಂದ ಅಧ್ಯಯನ ಮಾಡಿಸಿತು. 1950ರಿಂದ 1981ರವರೆಗಿನ ಪ್ರತಿಯೊಂದು ವಲಸೆ ಕಾನೂನಿನ ಹಿಂದೆಯೂ ಕಪ್ಪು ಮತ್ತು ಕಂದು ಬಣ್ಣದ ಜನರ ಸಂಖ್ಯೆಯನ್ನು ತಗ್ಗಿಸುವ ಉದ್ದೇಶ ಸ್ವಲ್ಪಮಟ್ಟಿಗಾದರೂ ಇತ್ತೆಂದು ಅದು ಹೇಳಿತು. ಇಲಾಖೆ ಆ ಅಧ್ಯಯನವನ್ನು ಸಾರ್ವಜನಿಕರಿಗೆ ಕೊಡಲು ನಿರಾಕರಿಸಿತು. ಮಾಹಿತಿ ಹಕ್ಕಿನ ಅಡಿಯಲ್ಲಿ ನ್ಯಾಯಮಂಡಳಿಯವರೆಗೆ ಹೋದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟವಾಯಿತು.

ಸಮಿತಿಗಳಿಗೆ ಉಳಿದಿರುವ ಕೆಲಸ

ಇಂಥ ಪರಿಶೀಲನೆಗೆ ಕೂರುವವರಿಗೆ ಈ ಪ್ರಕರಣದಿಂದ ಸಿಗುವ ತಿಳಿವಳಿಕೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಸಚಿವರ ಬಾಯಿಯ ಉತ್ತರಕ್ಕೂ ಕಡತದ ಹಾಳೆಗೂ ಇರುವ ವ್ಯತ್ಯಾಸ. ಏಪ್ರಿಲ್‌ನ ಪ್ರಶ್ನೋತ್ತರಗಳಿಂದ ಒಬ್ಬರ ಕುರ್ಚಿ ಹೋಯಿತು. ಜೂನ್‌ನ ಎರಡು ಕಡತಗಳಿಂದ, ಸಾಬೀತುಪಡಿಸುವ ಹೊಣೆಯನ್ನು ಪ್ರಜೆಯ ಮೇಲೆ ಹೊರಿಸುವ ಪದ್ಧತಿಯೇ ಬಯಲಾಯಿತು. ವ್ಯಕ್ತಿಯ ಒಪ್ಪಿಗೆಯೊಂದಿಗೆ ಕಡತ ತರಿಸುವ ಈ ದಾರಿಯನ್ನು ಮೊದಲೇ, 2014ರ ವರದಿ ಬಂದಾಗಲೇ, ಯಾವುದಾದರೂ ಸಮಿತಿ ಹಿಡಿದಿದ್ದರೆ ಆ ಇಬ್ಬರೂ ಬಂಧನ ಕೇಂದ್ರವನ್ನು ಕಾಣುತ್ತಿರಲಿಲ್ಲ. ಹಾಗೆಯೇ, ಯಾವ ದಾಖಲೆಗಳನ್ನು ನಾಶಕ್ಕೆ ಪಟ್ಟಿ ಮಾಡಲಾಗಿದೆ, ಅವನ್ನು ಈಗಲೂ ಯಾರು ಬಳಸುತ್ತಿದ್ದಾರೆ, ಅವುಗಳ ಬದಲಿಗೆ ಏನಿದೆ ಎಂಬುದನ್ನು ವರ್ಷಕ್ಕೊಮ್ಮೆ ಕೇಳುವುದು ಯಾವ ಸಮಿತಿಗೂ ದೊಡ್ಡ ಕೆಲಸವಲ್ಲ. 2009ರಲ್ಲಿ ಕೇಳಿದವರಿಲ್ಲ.

ನಮಗೆ ಹತ್ತಿರದ ಒಂದು ಎಳೆ ಇನ್ನೂ ಬಿಚ್ಚದೆ ಉಳಿದಿದೆ. 1971ಕ್ಕೆ ಮೊದಲು ಕಾಮನ್‌ವೆಲ್ತ್ ದೇಶಗಳಿಂದ ಬಂದು, ಬ್ರಿಟಿಷ್ ಪೌರತ್ವದ ಕಾಗದವಿಲ್ಲದೆ ಉಳಿದವರು ಸುಮಾರು 57,000 ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಲಸೆ ಅಧ್ಯಯನ ಕೇಂದ್ರ 2018ರಲ್ಲಿ ಅಂದಾಜಿಸಿತ್ತು. ಅವರಲ್ಲಿ ಸುಮಾರು 15,000 ಜಮೈಕಾದಲ್ಲಿ ಹುಟ್ಟಿದವರು, ಸುಮಾರು 13,000 ಭಾರತದಲ್ಲಿ ಹುಟ್ಟಿದವರು. ಇಲಾಖೆ ತಾನು ಹೊರಕಳಿಸಿದವರ, ಬಂಧಿಸಿದವರ ಹಳೆಯ ಕಡತಗಳನ್ನು ತೆರೆದಾಗ ಕೆರಿಬಿಯನ್ ಮೂಲದವರದನ್ನಷ್ಟೇ ತೆರೆಯಿತು. ಭಾರತವೂ ಸೇರಿದಂತೆ ಉಳಿದ ಕಾಮನ್‌ವೆಲ್ತ್ ದೇಶಗಳವರ ಸುಮಾರು 1,60,000 ಕಡತಗಳಿದ್ದವು. ಅವನ್ನೂ ನೋಡಬೇಕಿತ್ತೆಂದು ಲೆಕ್ಕಪರಿಶೋಧಕರು ಬರೆದರು. ಅಷ್ಟನ್ನೂ ತೆರೆಯುವುದು ಅಳತೆ ಮೀರಿದ ಕೆಲಸವೆಂದು ಇಲಾಖೆ ಉತ್ತರಿಸಿತು.